ಪರಚಿತ್ತಾನುಮಾನ



ಸ್ಪರ್ಧೆಯ ಆಟದಲ್ಲಿ ಎದುರಾಳಿಯ ಮನಸ್ಸಿನೊಳಗಣ ಆಲೋಚನೆಯನ್ನು ನಾವು ಹೇಗೆ ತಿಳಿಯುತ್ತೇವೆ, ಆ ತಿಳಿವು ಎಲ್ಲಿಯವರೆಗೆ ನಂಬತಕ್ಕದ್ದು ಎಂಬುದೇ ಇಂದಿನ ಉಪನ್ಯಾಸದ ವಿಷಯವು. ಆಟವೆಂದ ಮಾತ್ರಕ್ಕೆ ಇದನ್ನು ಅಲ್ಪವಿಷಯವೆಂದು ಭಾವಿಸಲಾಗದು. ಶಾಸ್ತ್ರಾರ್ಥದಲ್ಲಿಯೂ ವ್ಯಾಪಾರದಲ್ಲಿಯೂ ನ್ಯಾಯಸ್ಥಾನದಲ್ಲಿಯೂ ಇದೇ ಅನುಮಾನವು ನಡೆಯುತ್ತಿರುವದು. ಆಟದಲ್ಲಿ ಅದರ ಗುಣದೋಷಗಳು ನಿಚ್ಚಳವಾಗಿ ತೋರುವವು.

ಪರರ ಚಿತ್ತವು ಪ್ರತ್ಯಕ್ಷಕ್ಕೆ ಗೋಚರವಲ್ಲ. ಮುಖಭಾವ, ಮಾತು, ನಡೆ ಎಂಬ ಹೇತುಗಳಿಂದ ಅದನ್ನು ಅನುಮಾನಿಸಬೇಕು. ಹೊಗೆಯಿಂದ ಬೆಂಕಿಯನ್ನು ಅನುಮಾನಿಸುವಲ್ಲಿ ಒಂದು ಸೌಕರ್ಯವುಂಟು: ಬೆಂಕಿಯು ನಮ್ಮನ್ನು ವಂಚಿಸಬೇಕೆಂದು ಎಣಿಸುವದಿಲ್ಲ. ಎದುರಾಳಿಯಾದರೋ ನಾವು ಅನುಮಾನಿಸುತ್ತಿರುವೆವೆಂಬುದನ್ನು ಬಲ್ಲವನು. ತಾನೂ ನಮ್ಮನ್ನು ಅನುಮಾನಿಸುವವನು.

ಈ ಶಕ್ತಿಯು ಮನುಷ್ಯನಲ್ಲಿ ಹುಟ್ಟಿನಿಂದಲೇ ಪೂರ್ಣವಾಗಿರುವದಿಲ್ಲ. ವಿಮ್ಮರ್ ಮತ್ತು ಪೆರ್ನರ್ ಎಂಬ ವಿದ್ವಾಂಸರು ೧೯೮೩ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಮಕ್ಕಳಿಗೆ ಹೇಳಿದ ಕಥೆಯಿದು: ಬಾಲಕನೊಬ್ಬನು ಮಿಠಾಯಿಯನ್ನು ಒಂದು ಕಪಾಟಿನಲ್ಲಿಟ್ಟು ಹೊರಗೆ ಹೋದನು, ತಾಯಿಯು ಅದನ್ನು ಇನ್ನೊಂದು ಕಪಾಟಿನಲ್ಲಿಟ್ಟಳು, ಹಿಂದಿರುಗಿದ ಬಾಲಕನು ಎಲ್ಲಿ ಹುಡುಕುವನು? ಮೂರು ವರ್ಷದ ಕೂಸುಗಳು ಸಾಮಾನ್ಯವಾಗಿ ಎರಡನೆಯ ಕಪಾಟನ್ನೇ ತೋರಿಸಿದವು. ತನಗೆ ತಿಳಿದದ್ದು ಅವನಿಗೆ ತಿಳಿದಿಲ್ಲವೆಂಬ ವಿವೇಕವು ನಾಲ್ಕು ವರ್ಷಗಳ ನಂತರವೇ ಬಹುಮಟ್ಟಿಗೆ ಮೂಡುವದು. ಈ ದೃಷ್ಟಾಂತವನ್ನು ನೆನಪಿನಲ್ಲಿಡಿರಿ.

ಹುಣಿಸೆಬೀಜಗಳಿಂದ ಮಕ್ಕಳಾಡುವ ಸರಿಬೆಸದ ಆಟವನ್ನು ತೆಗೆದುಕೊಳ್ಳೋಣ. ಒಬ್ಬನು ಮುಷ್ಟಿಯಲ್ಲಿ ಬೀಜಗಳನ್ನು ಹಿಡಿಯುವನು. ಇನ್ನೊಬ್ಬನು ಸರಿಯೋ ಬೆಸವೋ ಎಂದು ಹೇಳಬೇಕು. ಕಳೆದ ಸಲ ಸರಿ ಹಿಡಿದವನು ಈಗ ಬೆಸ ಹಿಡಿಯುವನೆಂದು ಊಹಿಸಬಹುದು. ಹಾಗೆ ನಾನು ಊಹಿಸುವೆನೆಂದು ಅವನು ತಿಳಿದು ಮತ್ತೆ ಸರಿಯನ್ನೇ ಹಿಡಿಯಬಹುದು. ಅದನ್ನೂ ನಾನು ಬಲ್ಲೆನೆಂದು ಅವನು ಬಲ್ಲನೆಂದರೆ? ನಮ್ಮ ತಾರ್ಕಿಕರು ಅನವಸ್ಥೆಯೆಂದು ಕರೆಯುವ ದೋಷವೇ ಇದು. ಮೆಟ್ಟಿಲ ಮೇಲೆ ಮೆಟ್ಟಿಲು, ಕೊನೆಯಿಲ್ಲ. ಇಂಥ ಆಟಗಳ ಗಣಿತವನ್ನು ಜಾನ್ ಫಾನ್ ನಾಯ್ಮನ್ ಎಂಬ ಗಣಿತಜ್ಞನು ೧೯೨೮ರಲ್ಲಿ ನಿರೂಪಿಸಿದನು. ಅದರಂತೆ, ಸರಿಬೆಸಗಳನ್ನು ಸಮಸಂಭವವಾಗಿ, ಯಾವ ಕ್ರಮವೂ ಇಲ್ಲದೆ ಹಿಡಿಯುವವನ ಮೇಲೆ ಎಂಥ ಚತುರನಿಗೂ ಮೇಲುಗೈ ದೊರೆಯದು. ಓದಬೇಕಾದ ಸಂಕಲ್ಪವೇ ಅಲ್ಲಿಲ್ಲದಿರುವದರಿಂದ ಓದುವವನ ಚಾತುರ್ಯವು ನಿಷ್ಫಲವಾಗುವದು.

ಆದರೆ ಎಲ್ಲ ಸ್ಪರ್ಧೆಗಳೂ ಹೀಗೆ ಬಗೆಹರಿಯವು. ಆರ್ಥಿಕಶಾಸ್ತ್ರಜ್ಞನಾದ ಕೇನ್ಸನು ೧೯೩೬ರ ತನ್ನ ಗ್ರಂಥದಲ್ಲಿ ಷೇರುಪೇಟೆಯನ್ನು ಒಂದು ಪತ್ರಿಕಾಸ್ಪರ್ಧೆಗೆ ಹೋಲಿಸಿದನು. ನೂರು ಭಾವಚಿತ್ರಗಳಲ್ಲಿ ಅತಿ ಸುಂದರವಾದ ಆರನ್ನು ಆರಿಸಬೇಕು. ಯಾರ ಆಯ್ಕೆಯು ಸ್ಪರ್ಧಾಳುಗಳೆಲ್ಲರ ಸರಾಸರಿ ಅಭಿರುಚಿಗೆ ಹತ್ತಿರವೋ ಅವರಿಗೆ ಬಹುಮಾನ. ಇಲ್ಲಿ ತನಗೆ ಯಾವುದು ಸುಂದರವೆಂಬುದು ಮುಖ್ಯವಲ್ಲ. ಅನ್ಯರು ಅನ್ಯರ ವಿಷಯದಲ್ಲಿ ಏನೆಣಿಸುವರೆಂಬುದೇ ಮುಖ್ಯ.

ಇದೇ ತತ್ತ್ವವನ್ನು ಅಂಕೆಗಳಿಂದ ಪರೀಕ್ಷಿಸಿದವರುಂಟು. ಪ್ರತಿಯೊಬ್ಬನೂ ಸೊನ್ನೆಯಿಂದ ನೂರರವರೆಗಿನ ಒಂದು ಸಂಖ್ಯೆಯನ್ನು ಬರೆಯಬೇಕು. ಎಲ್ಲರ ಸರಾಸರಿಯ ಮೂರರಲ್ಲೆರಡು ಪಾಲಿಗೆ ಹತ್ತಿರವಾದವನು ಗೆಲ್ಲುವನು. ಜನರು ಮನಬಂದಂತೆ ಬರೆದರೆ ಸರಾಸರಿ ೫೦ ಆದೀತು. ಆಗ ೩೩ ಬರೆಯುವದು ಲೇಸು. ಎಲ್ಲರೂ ಇಷ್ಟು ಯೋಚಿಸಿದರೆ ೨೨ ಬರೆಯುವದು ಲೇಸು. ಹೀಗೆಯೇ ಇಳಿಯುತ್ತ ಹೋದರೆ ತರ್ಕವು ಸೊನ್ನೆಯಲ್ಲಿ ನಿಲ್ಲುವದು. ಆದರೆ ರೋಸ್ಮರಿ ನಾಗೆಲ್ ಎಂಬ ವಿದುಷಿಯು ೧೯೯೫ರಲ್ಲಿ ಪ್ರಕಟಿಸಿದ ಪ್ರಯೋಗದ ಮೊದಲ ಸುತ್ತಿನಲ್ಲಿ ಸರಾಸರಿಯು ಸುಮಾರು ೩೭ ಬಂದಿತು. ಹೆಚ್ಚಿನವರು ಒಂದೆರಡು ಮೆಟ್ಟಿಲು ಮಾತ್ರ ಇಳಿದಂತೆ ತೋರಿತು. ೨೦೦೫ರಲ್ಲಿ ಡೆನ್ಮಾರ್ಕ್ ದೇಶದ 'ಪೊಲಿಟಿಕೆನ್' ಪತ್ರಿಕೆಯು ಇದೇ ಸ್ಪರ್ಧೆಯನ್ನು ನಡೆಸಿದಾಗ ೧೯,೦೦೦ಕ್ಕೂ ಮಿಕ್ಕಿ ಜನರು ಭಾಗವಹಿಸಿದರು. ಗೆದ್ದ ಸಂಖ್ಯೆಯು ೨೧.೬.

ಸೊನ್ನೆ ಬರೆದವನ ತರ್ಕದಲ್ಲಿ ಯಾವ ದೋಷವೂ ಇಲ್ಲ; ಆದರೂ ಅವನು ಸೋತನು. ಯಾಕೆಂದರೆ ತಾನು ಕಂಡ ಕೊನೆಯನ್ನು ಎಲ್ಲರೂ ಕಂಡಿರುವರೆಂದು ಅವನು ಬಗೆದನು. ಇದು ಮಿಠಾಯಿಯ ಕಥೆ ಕೇಳಿದ ಮೂರು ವರ್ಷದ ಕೂಸಿನ ತಪ್ಪೇ ಅಲ್ಲವೇ? ಪಾಂಡಿತ್ಯವು ಬೆಳೆದರೂ ಆ ಶೈಶವವು ಅಳಿಯದಿರಬಹುದು. ೩೩ ಬರೆದವನು ಇದಕ್ಕೆ ವಿಪರೀತನು. ಆಲೋಚನೆಯುಳ್ಳವನು ತಾನೊಬ್ಬನೇ, ಉಳಿದವರು ಆಲೋಚಿಸದವರೆಂದು ಎಣಿಸಿದನು. ಅವನೂ ಸೋತನು. ಅನ್ಯರನ್ನು ತನ್ನ ಪ್ರತಿಬಿಂಬವೆಂದು ತಿಳಿಯುವದು ಒಂದು ದೋಷ. ಮಂದರೆಂದು ತಿಳಿಯುವದು ಇನ್ನೊಂದು. ಇವೆರಡರ ನಡುವೆ, ಎದುರಿಗಿರುವವರು ನಿಜವಾಗಿ ಎಷ್ಟು ದೂರ ಯೋಚಿಸಿರುವರೆಂದು ಅಳೆಯುವವನೇ ಗೆಲ್ಲುವನು.

ವಿದ್ಯಾರ್ಥಿಗಳೇ, ಇದು ನಿಮಗೆ ವಿಶೇಷವಾಗಿ ಸಲ್ಲುವ ಮಾತು. ಪೂರ್ವಪಕ್ಷವನ್ನು ಹೇಳುವದೆಂದರೆ ಪರಚಿತ್ತವನ್ನು ಅನುಮಾನಿಸುವದೇ. ಅದನ್ನು ದುರ್ಬಲವಾಗಿ ಹೇಳಿ ಖಂಡಿಸಿದವನು ಯಾರೂ ಕೇಳದ ಪ್ರಶ್ನೆಗೆ ಉತ್ತರ ಕೊಟ್ಟಂತಾಗುವದು. ಗೌತಮನ ನ್ಯಾಯಸೂತ್ರಗಳು ವಾದವನ್ನೂ ಜಲ್ಪವನ್ನೂ ಬೇರೆಯಾಗಿ ಎಣಿಸಿವೆ. ಮೊದಲನೆಯದು ತತ್ತ್ವನಿರ್ಣಯಕ್ಕಾಗಿ, ಎರಡನೆಯದು ಜಯಕ್ಕಾಗಿ. ಜಲ್ಪದ ಆಯುಧಗಳಲ್ಲಿ ಛಲವೂ ಒಂದು. 'ಇವನು ನವಕಂಬಲನು' ಎಂದು ಒಬ್ಬನು ಹೊಸ ಕಂಬಳಿಯ ಅರ್ಥದಲ್ಲಿ ನುಡಿದರೆ, 'ಒಂಬತ್ತು ಕಂಬಳಿಗಳೆಲ್ಲಿವೆ?' ಎಂದು ಕೇಳುವದೇ ಛಲವು. ಗಮನಿಸಿರಿ: ಛಲವಾಡುವವನು ಸಾಮಾನ್ಯವಾಗಿ ಎದುರಾಳಿಯ ಅಭಿಪ್ರಾಯವನ್ನು ಅರಿಯದವನಲ್ಲ, ಚೆನ್ನಾಗಿ ಅರಿತೇ ಅರಿಯದವನಂತೆ ನಟಿಸುವವನು. ಪರರ ಮನಸ್ಸನ್ನು ತಿಳಿಯುವ ಶಕ್ತಿಯು ಹೀಗೆ ಎರಡಲಗಿನ ಕತ್ತಿಯಾಗಿರುವದು.

ಆದುದರಿಂದ ಎದುರಾಳಿಯು ಕೇಳಿ 'ಹೌದು, ನನ್ನ ಅಭಿಪ್ರಾಯವಿದೇ' ಎನ್ನುವಂತೆ ಅವನ ಪಕ್ಷವನ್ನು ಮೊದಲು ನಿರೂಪಿಸಿರಿ. ಖಂಡನೆಯು ಆಮೇಲೆ ಬರಲಿ. ಆಟದಲ್ಲಿ ಸೋತವನು ಒಂದು ಬಹುಮಾನವನ್ನು ಮಾತ್ರ ಕಳೆದುಕೊಳ್ಳುವನು. ವಾದದಲ್ಲಿ ಛಲದಿಂದ ಗೆದ್ದವನಾದರೋ ತಾನು ಕಲಿಯಬಹುದಾಗಿದ್ದ ಸತ್ಯವನ್ನೇ ಕಳೆದುಕೊಳ್ಳುವನು.