ಮಗುವಿನ ಹೆಸರು, ಮನೆಯ ಮಾತು

(ಶತಮಾನೋತ್ಸವದ ಪಾಲಕರ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಜ್ಞಾನಸ್ನಾನಕ್ಕೆ ಶಿಶುವನ್ನು ತಂದಾಗ ಗುರುಗಳು ಮೊದಲು ಕೇಳುವುದು ಅದರ ಹೆಸರನ್ನು. ನೀರಿಗೂ ತೈಲಕ್ಕೂ ಮುಂಚೆ ಹೆಸರು. ಒಳ್ಳೆಯ ಕುರಿಗಾಹಿಯು ತನ್ನ ಕುರಿಗಳನ್ನು ಹೆಸರು ಹಿಡಿದು ಕರೆಯುತ್ತಾನೆಂದು ಪ್ರಭುವೂ ಬೋಧಿಸಿದರು.

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಈ ಗಡಿಸೀಮೆಯಲ್ಲಿ ಒಂದೇ ಓಣಿಯ ಮಕ್ಕಳು ಹೆತ್ತವಳನ್ನು ಅವ್ವ, ಆಯಿ, ಅಮ್ಮಿ ಎಂದು ಬೇರೆ ಬೇರೆಯಾಗಿ ಕರೆಯುತ್ತಾರೆ. ಮೂರು ವರ್ಷದ ಮಗು ಅಂಗನವಾಡಿಗೆ ಬರುವಾಗ ಅದರ ಕೈಯಲ್ಲಿ ಪಾಟಿ ಇರದಿರಬಹುದು; ನಾಲಿಗೆಯ ಮೇಲೆ ಮನೆಯ ಮಾತು ಇದ್ದೇ ಇರುತ್ತದೆ. ಅದೇ ಅದರ ಗುರುತು.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಹಲವು ವರ್ಷಗಳ ಹಿಂದೆ ಧರ್ಮೋಪದೇಶದ ತರಗತಿಯಲ್ಲಿ ಪುಟ್ಟ ಬಾಲಕಿಯೊಬ್ಬಳು ‘ಆಯಿ’ ಎಂದಳು. ‘ತಾಯಿ ಎನ್ನಬೇಕು’ ಎಂದು ತಿದ್ದಿದೆ. ಉಳಿದ ಮಕ್ಕಳು ನಕ್ಕರು, ನಾನೂ ನಕ್ಕೆ. ಕೆಲವು ದಿನಗಳ ಬಳಿಕ ಅವಳ ತಾಯಿ ಬಂದು, “ಫಾದರ್, ನನ್ನ ಮಗಳು ನನ್ನ ಆಯಿ ಅಂತ ಕರಿಯೂದ ಬಿಟ್ಟಾಳ್ರಿ” ಎಂದರು. ನಾನು ತಿದ್ದಿದ್ದು ಒಂದು ಪದವನ್ನಲ್ಲ, ಒಂದು ಮನೆಯನ್ನು ಎಂಬುದು ಆಗ ತಿಳಿಯಿತು. ಅಷ್ಟು ಎಳೆಯ ಮಗುವಿಗೆ ತಾಯಿ ಬೇರೆ, ತಾಯಿಯನ್ನು ಕರೆಯುವ ಮಾತು ಬೇರೆ ಅಲ್ಲ.

1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಮೂರರಿಂದ ಆರು ವರ್ಷದ ಮಕ್ಕಳಿಗೆ ಆಹಾರದೊಡನೆ ಶಾಲಾಪೂರ್ವ ಶಿಕ್ಷಣವನ್ನೂ ಒದಗಿಸಿತು. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತವು 1992ರಲ್ಲಿ ಅಂಗೀಕರಿಸಿತು. ತಂದೆತಾಯಿಯರ ಮೇಲೂ ತನ್ನ ಭಾಷೆ, ಸಂಸ್ಕೃತಿಗಳ ಮೇಲೂ ಮಗುವಿನಲ್ಲಿ ಗೌರವ ಬೆಳೆಸುವುದು ಶಿಕ್ಷಣದ ಗುರಿಯೆಂದು ಅದರ 29ನೆಯ ವಿಧಿ ಸಾರುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಿದ್ದೆಡೆ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತೇ ಬೋಧನಾ ಮಾಧ್ಯಮವಾಗಲೆಂದಿದೆ.

ಇಂಗ್ಲಿಷ್ ಬೇಡವೆಂದು ನಾನು ಹೇಳುತ್ತಿಲ್ಲ. ಹೊಸ ಭಾಷೆ ಅತಿಥಿಯಾಗಿ ಬರಲಿ. ಅದಕ್ಕಾಗಿ ಮನೆಯವರನ್ನು ಹೊರಗೆ ಕಳುಹಿಸುವುದು ಬೇಡ. ಮನೆಯಲ್ಲಿ ಕರೆಯುವಂತೆಯೇ ಮಗುವಿನ ಹೆಸರನ್ನು ಶಿಕ್ಷಕಿಯರು ಉಚ್ಚರಿಸಲಿ. ಅಜ್ಜಿಯರು ಬಂದು ತಮ್ಮ ತಮ್ಮ ಮಾತಿನಲ್ಲಿ ಕಥೆ ಹೇಳಲಿ. ಹೆಸರಾಂತ ಗೋಕಾಕದ ಮರದ ಗೊಂಬೆಗಳು ಕಪಾಟಿನಲ್ಲಿ ಕೂಡದೆ ಮಕ್ಕಳ ಕೈಗೆ ಬರಲಿ. ಆ ಗೊಂಬೆಗೆ ಪ್ರತಿ ಮಗುವೂ ತನ್ನ ಮನೆಯ ಹೆಸರನ್ನೇ ಇಡಲಿ.

ನೂರು ವರ್ಷಗಳಿಂದ ನಮ್ಮ ಜ್ಞಾನಸ್ನಾನದ ದಫ್ತರದಲ್ಲಿ ಹೆಸರುಗಳನ್ನು ಬರೆದಿಡುತ್ತಾ ಬಂದಿದ್ದೇವೆ. ಬರೆದ ಹೆಸರನ್ನು ಪ್ರೀತಿಯಿಂದ ಕರೆಯುವ ಹೊಣೆಯೂ ನಮ್ಮದೇ. ದೇವರು ನಿಮ್ಮನ್ನೂ ನಿಮ್ಮ ಮಕ್ಕಳನ್ನೂ ಆಶೀರ್ವದಿಸಲಿ.