ಅಂಗಳ ಇಂಗಲಿ, ಗೆಳೆಯರೆ!

(ಸ್ವರ್ಣವಲ್ಲಿಯಲ್ಲಿ ಸೇರಿದ್ದ ಯುವಕರೆದುರು ಆಡಿದ ಮಾತು)



ನಾನು ಪಂಡಿತನಲ್ಲ. ಪಿಯುಸಿ ಮುಗಿಸಿ ಕೈಗೆ ಅಚ್ಚಿನ ಮಸಿ ಹಚ್ಚಿಕೊಂಡವನು. ನುಣುಪಾದ ಆರ್ಟ್ ಪೇಪರಿನ ಮೇಲೆ ನೀರು ಚೆಲ್ಲಿ, ಜಾರಿ ಹೋಗುತ್ತದೆ. ನ್ಯೂಸ್‌ಪ್ರಿಂಟಿನ ಮೇಲೆ ಚೆಲ್ಲಿ, ಹೀರಿಕೊಳ್ಳುತ್ತದೆ. ನೆಲದ ಕತೆಯೂ ಇಷ್ಟೇ!

ಪ್ರೆಸ್ಸಿನ ಅಂಗಳಕ್ಕೆ ನಾನೇ ಸಿಮೆಂಟ್ ಹಾಕಿಸಿದೆ. ಇನ್ನು ಕೆಸರಿಲ್ಲ ಎಂದು ಬೀಗಿದೆ. ಮೊದಲ ಮಳೆಗಾಲದಲ್ಲೇ ನೀರು ಒಳನುಗ್ಗಿ ಕಾಗದದ ರೀಮುಗಳು ತೊಯ್ದವು. ಬೇಸಿಗೆಯಲ್ಲಿ ಅದೇ ಅಂಗಳದ ಬಾವಿ ಒಣಗಿತು. ತಪ್ಪು ಆಕಾಶದ್ದಲ್ಲ, ನನ್ನದು.

ಲೆಕ್ಕ ಹಾಕಿ. 100 ಚದರ ಮೀಟರ್ ಸೂರಿನ ಮೇಲೆ ಒಂದೇ ಸೆಂಟಿಮೀಟರ್ ಮಳೆ ಬಿದ್ದರೆ 1000 ಲೀಟರ್ ನೀರು! ಅದನ್ನು ಚರಂಡಿಗೆ ಬಿಟ್ಟು, ಬೇಸಿಗೆಯಲ್ಲಿ ಟ್ಯಾಂಕರಿಗೆ ಕೈಯೊಡ್ಡುತ್ತೇವೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬಡಾವಣೆಗಳು ಮುಳುಗಿದವು. 2024ರ ಮಾರ್ಚಿನಲ್ಲಿ ಅದೇ ಬೆಂಗಳೂರು ಕೊಡ ಹಿಡಿದು ನಿಂತಿತು. ನಾಚಿಕೆಯಾಗಬೇಡವೆ?

ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಿರಿಯರು ಅಡಿಕೆ ತೋಟದ ಮೇಲ್ಗಡೆ ಸೊಪ್ಪಿನ ಬೆಟ್ಟ ಉಳಿಸಿಕೊಂಡರು. ಮರ, ಬೇರು, ದರಕು ಸೇರಿ ಮಳೆಯ ಓಟ ತಡೆದವು. ಮೇಲೆ ಇಂಗಿದ್ದು ಕೆಳಗೆ ಒರತೆಯಾಯಿತು. 1983ರಲ್ಲಿ ಸಾಲ್ಕಣಿಯ ಜನ ಮರ ಅಪ್ಪಿ ನಿಂತದ್ದು ಸುಮ್ಮನೆ ಅಲ್ಲ.

ಪೇಟೆಯ ಹುಡುಗರು ಏನು ಮಾಡಬೇಕು? ಸೂರಿನ ನೀರು ಹರಿಯುವ ಕಡೆ, ಗೋಡೆಯಿಂದ ಹತ್ತಡಿ ದೂರದಲ್ಲಿ, ಮುಕ್ಕಾಲಡಿ ಆಳದ ತಗ್ಗು ತೋಡಿ. ತಳದ ಮಣ್ಣು ಸಡಿಲಿಸಿ, ಮರಳು, ಗೊಬ್ಬರ ಬೆರೆಸಿ. ಲಾವಂಚ, ಕಾಬಾಳೆ ನೆಡಿ. ಬೇರು ಮಣ್ಣಿನೊಳಗೆ ದಾರಿ ಮಾಡುತ್ತದೆ, ನೀರು ಆ ದಾರಿಯಲ್ಲಿ ಇಳಿಯುತ್ತದೆ. ಮಿಕ್ಕ ನೀರು ಹೊರಹೋಗಲು ಒಂದು ಕಡೆ ಕಂಡಿ ಬಿಡಿ. ಎರಡು ದಿನದೊಳಗೆ ಇಂಗಬೇಕು, ನಿಂತರೆ ಸೊಳ್ಳೆ ಖಂಡಿತ. ಬಚ್ಚಲ ನೀರು, ಗ್ಯಾರೇಜಿನ ಎಣ್ಣೆ ನೀರು ಅದಕ್ಕೆ ಬಿಡಬೇಡಿ.

ಒಂದು ಎಚ್ಚರ. ಕಡಿದಾದ ಗುಡ್ಡದಲ್ಲಿ ಕಂಡಕಂಡಲ್ಲಿ ಗುಂಡಿ ತೋಡಬೇಡಿ. ನೀರು ಕುಡಿದು ಭಾರವಾದ ಇಳಿಜಾರು ಜಾರುತ್ತದೆ. 2021ರ ಜುಲೈ ಮಳೆಗೆ ಯಲ್ಲಾಪುರದ ಕಳಚೆಯಲ್ಲಿ ಗುಡ್ಡ ಕುಸಿದದ್ದನ್ನು ಮರೆಯಬೇಡಿ. ಅಂಥಲ್ಲಿ ಇರುವ ಮರ ಉಳಿಸುವುದೇ ಮೊದಲ ಕೆಲಸ.

ಇಂಗು, ಜಿನುಗು, ಬಸಿ, ಒರತೆ. ನೀರಿಗೆ ಇಷ್ಟು ಮಾತು ಕೊಟ್ಟ ನುಡಿ ನಮ್ಮದು. ಊರಿಗೆಲ್ಲ ಸಿಮೆಂಟ್ ಬಳಿದರೆ ಈ ಮಾತುಗಳು ನಿಘಂಟಿನಲ್ಲಷ್ಟೇ ಉಳಿದಾವು.

ನಾನು ಅಂಗಳದ ಸಿಮೆಂಟ್ ಒಡೆಸಿದೆ, ತಗ್ಗು ತೋಡಿದೆ. ಕಳೆದ ಮಳೆಗಾಲ ಒಂದು ಹಾಳೆಯೂ ತೊಯ್ಯಲಿಲ್ಲ. ಆದರೆ ಬಾವಿ ತುಂಬಲು ಒಬ್ಬನ ತಗ್ಗು ಸಾಲದು. ಕೇರಿಗೆ ಕೇರಿಯೇ ಹಾರೆ ಹಿಡಿಯಬೇಕು. ನೆಲ ಜಲ ಎಂದು ಕೂಗುವ ಗಂಟಲುಗಳೇ, ನಿಮ್ಮ ಹಾರೆ ಎಲ್ಲಿ?