ಹಾಜರಿ ತಪ್ಪಿದ್ರೆ ಸಂಬಳದ ಲೆಕ್ಕವೂ ತಪ್ಪು

ಇವತ್ತು ಮಾತಾಡೋದು ಸಂಬಳದ ಲೆಕ್ಕದ ಬಗ್ಗೆ. ಕಾಗಾಲ, ಬಾಡ, ಹೊನ್ನಾವರ, ಭಟ್ಕಳ ಕಡೆಯಿಂದ ಐಟಿಐ, ಡಿಪ್ಲೊಮಾ ಮುಗಿಸಿ ಬೆಂಗಳೂರಿನ ಸುತ್ತಮುತ್ತಲ ಫ್ಯಾಕ್ಟರಿಗೆ ಹೊರಟವರು, ಹೊರಡೋಕೆ ರೆಡಿ ಆದವರು ಪೂರ್ತಿ ಕೇಳಿ.

ಬೈಕು, ಫ್ರಿಜ್ಜು, ಟಿವಿ, ಫೋನು. ಒಮ್ಮೆ ಕೊಂಡರೆ ವರ್ಷಗಟ್ಟಲೆ ಬಳಸೋ ಇಂಥವನ್ನ ಬಾಳಿಕೆ ಬರುವ ಸರಕು ಅಂತಾರೆ. ಇವನ್ನ ಮಾಡೋರಿಗೆ ಎಷ್ಟು ಸಿಗುತ್ತೆ? ಕೇಂದ್ರ ಸರ್ಕಾರ ಪ್ರತಿವರ್ಷ ಕೈಗಾರಿಕೆಗಳ ವಾರ್ಷಿಕ ಸಮೀಕ್ಷೆ ಮಾಡುತ್ತೆ. ಕರೆಂಟ್ ಬಳಸೋ, 10 ಅಥವಾ ಹೆಚ್ಚು ಕಾರ್ಮಿಕರಿರೋ ನೋಂದಾಯಿತ ಕಾರ್ಖಾನೆಗಳು ಇದರೊಳಗೆ ಬರುತ್ತವೆ. ರಾಜ್ಯವಾರು, ಉದ್ಯಮವಾರು ಅಂಕಿ ಸಿಗುತ್ತೆ.

ಆದ್ರೆ ಆ ಪಟ್ಟಿಯನ್ನ ಹುಷಾರಾಗಿ ಓದ್ಬೇಕು. ಕಾರ್ಮಿಕರ ಕೂಲಿ ಒಂದು ಕಾಲಂ. ಮ್ಯಾನೇಜರ್‌ಗಳೂ ಸೇರಿದ ಎಲ್ಲ ನೌಕರರ ಸಂಬಳ ಇನ್ನೊಂದು. ಎರಡನೇದನ್ನ ತಲೆಗೆ ಭಾಗಿಸಿ "ಸರಾಸರಿ ಇಷ್ಟು" ಅಂದ್ರೆ, ಲೈನ್‌ನಲ್ಲಿ ನಿಂತು ಸ್ಕ್ರೂ ಹಾಕೋ ಹುಡುಗಿಗೆ ಅಷ್ಟು ಬರುತ್ತೆ ಅಂತಲ್ಲ. ಇನ್ನೊಂದು ವಿಷಯ: ಇತ್ತೀಚಿನ ಸಮೀಕ್ಷೆಗಳ ಪ್ರಕಾರ ದೇಶದ ಕಾರ್ಖಾನೆ ಕಾರ್ಮಿಕರಲ್ಲಿ 100ಕ್ಕೆ ಸುಮಾರು 40 ಜನ ಗುತ್ತಿಗೆದಾರರ ಮೂಲಕ ಬಂದವರು. ದುಡಿಯೋದು ಒಂದು ಕಂಪನಿಗೆ, ಸಂಬಳ ಕೊಡೋನು ಇನ್ನೊಬ್ಬ. ನಡುವೆ ಏನಾಗುತ್ತೆ?

ಉತ್ತರಕ್ಕೆ ಕೋಲಾರದ ನರಸಾಪುರ ನೋಡಿ. ಅಲ್ಲಿ ಐಫೋನ್ ಜೋಡಿಸ್ತಿದ್ದ ವಿಸ್ಟ್ರಾನ್ ಫ್ಯಾಕ್ಟರಿ. 2020ರ ಡಿಸೆಂಬರ್ 12ರ ಬೆಳಿಗ್ಗೆ ಶಿಫ್ಟ್ ಮುಗಿಸಿದ ಕಾರ್ಮಿಕರ ಸಿಟ್ಟು ಗಾಜು ಒಡೆಯೋ, ವಾಹನ ಮಗುಚೋ ಮಟ್ಟಕ್ಕೆ ಹೋಯ್ತು. ದಾಂಧಲೆ ಸರಿ ಅಂತ ಯಾರೂ ಹೇಳಲ್ಲ. ಆದ್ರೆ ಅದರ ಹಿಂದಿದ್ದ ದೂರು, ಹೇಳಿದಷ್ಟು ಸಂಬಳ ಬರ್ತಿಲ್ಲ, ಹೊತ್ತಿಗೆ ಬರ್ತಿಲ್ಲ ಅನ್ನೋದು. ರಾಜ್ಯದ ಕಾರ್ಖಾನೆಗಳ ಇಲಾಖೆ ತಪಾಸಣೆ ಮಾಡಿದಾಗ ಸಿಕ್ಕಿದ್ದೇನು ಗೊತ್ತಾ? ಅಕ್ಟೋಬರ್‌ನಲ್ಲಿ ಶಿಫ್ಟ್ 8 ಗಂಟೆಯಿಂದ 12 ಗಂಟೆ ಆಗಿತ್ತು, ಜನ ಒಮ್ಮೆಲೇ ಹೆಚ್ಚಿದ್ರು, ಹಾಜರಿ ದಾಖಲಿಸೋ ವ್ಯವಸ್ಥೆ ಕೆಟ್ಟಿತ್ತು, ಎರಡು ತಿಂಗಳಾದ್ರೂ ಸರಿ ಆಗಿರಲಿಲ್ಲ. ಕೆಲವರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಹೋಗಿಲ್ಲ ಅಂತ ಕಂಪನಿಯೇ ಒಪ್ಪಿ, ಕ್ಷಮೆ ಕೇಳ್ತು. ಭಾರತದ ವ್ಯವಹಾರ ನೋಡ್ಕೊಳ್ತಿದ್ದ ಉಪಾಧ್ಯಕ್ಷರನ್ನ ತೆಗೀತು. ಸರಿಪಡಿಸೋವರೆಗೆ ಹೊಸ ಕೆಲಸ ಕೊಡಲ್ಲ ಅಂತು ಆ್ಯಪಲ್. ಈಗ ಆ ಫ್ಯಾಕ್ಟರಿ ಟಾಟಾ ಕೈಯಲ್ಲಿದೆ.

ಅಂದ್ರೆ ಸಂಬಳದ ಲೆಕ್ಕ ಶುರುವಾಗೋದು ದಿಲ್ಲಿಯ ಪಟ್ಟಿಯಲ್ಲಲ್ಲ, ಗೇಟಿನ ಹಾಜರಿಯಲ್ಲಿ. ಅಲ್ಲಿ ಗಂಟೆ ತಪ್ಪಿದ್ರೆ ಸ್ಲಿಪ್ ತಪ್ಪುತ್ತೆ, ಸ್ಲಿಪ್ ತಪ್ಪಿದ್ರೆ ಪಿಎಫ್ ತಪ್ಪುತ್ತೆ.

ಹಾಗಾಗಿ ನಿಮ್ಮ ಲೆಕ್ಕ ನೀವೇ ಇಡಿ. ಫೋನ್ ಹೇಗೂ ಕೈಯಲ್ಲೇ ಇದೆ.

ಒಂದು, ಒಳಗೆ ಹೋದ, ಹೊರಗೆ ಬಂದ ಹೊತ್ತನ್ನ ದಿನಾ ಬರೆದಿಡಿ. ಹೆಚ್ಚುವರಿ ದುಡಿಮೆಗೆ ಕಾನೂನಿನ ಪ್ರಕಾರ ಎರಡು ಪಟ್ಟು ಕೂಲಿ. ಒಂದು ವಾರ 60 ಗಂಟೆ ದುಡಿದ್ರಿ ಅಂತಿಟ್ಕೊಳ್ಳಿ. 48 ಮೀರಿದ್ದು 12 ಗಂಟೆ. ಅದು 24ಕ್ಕೆ ಸಮ. ಸಿಗಬೇಕಾದ್ದು 72 ಗಂಟೆಯ ಕೂಲಿ.

ಎರಡು, ಪ್ರತಿ ತಿಂಗಳು ಪೇ ಸ್ಲಿಪ್ ಕೇಳಿ ತಗೊಳ್ಳಿ. ಆಫರ್ ಲೆಟರ್‌ನಲ್ಲಿರೋದು, ಸ್ಲಿಪ್‌ನಲ್ಲಿರೋದು, ಬ್ಯಾಂಕಿಗೆ ಬಂದಿದ್ದು, ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಊಟ, ಬಸ್ಸು, ಹಾಸ್ಟೆಲ್ ಅಂತ ಎಷ್ಟು ಕಡಿತ ಅಂತ ಗೊತ್ತಾಗುತ್ತೆ.

ಮೂರು, ಯುಎಎನ್ ನಂಬರ್ ಇಟ್ಕೊಂಡು ಉಮಂಗ್ ಆ್ಯಪ್‌ನಲ್ಲಿ ಪಿಎಫ್ ಪಾಸ್‌ಬುಕ್ ತೆಗೀರಿ. ನಿಮ್ಮಿಂದ ಕಡಿದಿದ್ದನ್ನ ಗುತ್ತಿಗೆದಾರ ಕಟ್ಟಿದ್ದಾನೋ ಇಲ್ಲವೋ ಅಲ್ಲೇ ಕಾಣುತ್ತೆ.

ನಾಲ್ಕು, ಬೆಲೆ ಏರಿಕೆ ಕಳೆದು ನೋಡಿ. ಸಂಬಳ 5% ಏರಿ, ರೂಮ್ ಬಾಡಿಗೆ, ಅಕ್ಕಿ, ಗ್ಯಾಸ್ ಎಲ್ಲ ಸೇರಿ ಖರ್ಚು 7% ಏರಿದ್ರೆ, ಅದು ಹೆಚ್ಚಳ ಅಲ್ಲ. ಕನಿಷ್ಠ ವೇತನ ಪಡೆಯೋರಿಗೆ ತುಟ್ಟಿಭತ್ಯೆ ಏಪ್ರಿಲ್ 1ರಿಂದ ಬದಲಾಗುತ್ತೆ. ಆ ತಿಂಗಳ ಸ್ಲಿಪ್‌ನಲ್ಲಿ ಅದು ಸೇರಿದೆಯಾ ನೋಡಿ.

ವ್ಯತ್ಯಾಸ ಕಂಡ್ರೆ ಮೊದಲು ಎಚ್‌ಆರ್‌ಗೆ ಬರಹದಲ್ಲಿ ಕೊಡಿ, ಆಗದಿದ್ರೆ ಕಾರ್ಮಿಕ ಇಲಾಖೆಗೆ. ಒಬ್ಬರೇ ಹೋಗೋದಕ್ಕಿಂತ ಅದೇ ಲೈನಿನ ನಾಲ್ಕು ಜನರ ಸ್ಲಿಪ್ ಒಟ್ಟಿಗಿದ್ರೆ ಮಾತಿಗೆ ತೂಕ ಬರುತ್ತೆ.

ಕುಮಟಾದಲ್ಲಿ ರೈಲು ಹತ್ತೋ ಮುಂಚೆ ಏಜೆಂಟನಿಗೆ ಇದೊಂದು ಕೇಳಿ: ಸಂಬಳ ಕೊಡೋದು ಯಾರು, ಕಂಪನಿಯಾ, ಗುತ್ತಿಗೆದಾರನಾ? ಬಾಯಲ್ಲಲ್ಲ, ಕಾಗದದಲ್ಲಿ.

ಹೊರಡೋಕೆ ತಯಾರಾಗಿರೋ ಗೆಳೆಯರಿಗೆ ಈ ಎಪಿಸೋಡ್ ಕಳಿಸಿ. ಮತ್ತೆ ಸಿಗೋಣ.